ಕ್ರಮಸಂಖ್ಯೆ ಹದಿನೇಳು

ನಮ್ಮ ಮನೆಯಲ್ಲಿ ಬೆಳಗಿನ ಆರು ಗಂಟೆಗೆ ನಲ್ಲಿ ಬಿಡುವಂತಿರಲಿಲ್ಲ. ಪಾತ್ರೆ ಸದ್ದು ಮಾಡುವಂತಿರಲಿಲ್ಲ. ಕೆಮ್ಮು ಬಂದರೂ ನುಂಗಿಕೊಳ್ಳಬೇಕಿತ್ತು. ಅಮ್ಮ ಸ್ಟೂಲು ಹತ್ತಿ, ಗೋಡೆ ಗಡಿಯಾರದ ಕೀಲಿ ಹಿಡಿದು ನಿಲ್ಲುತ್ತಿದ್ದಳು. ಕಪಾಟಿನ ಮೇಲಿನ ರೇಡಿಯೋ ಒಂದಿಷ್ಟು ಗೊರಗುಟ್ಟಿ ಗಂಟಲು ಸರಿಮಾಡಿಕೊಂಡ ಮೇಲೆ ಆ ದನಿ ಬರುತ್ತಿತ್ತು.

"ಕೇಳುಗರಿಗೆ ಬೆಳಗಿನ ವಂದನೆಗಳು. ಈಗ ಸಮಯ ಆರು ಗಂಟೆ. ನಮ್ಮ ಕೇಂದ್ರದ ಇಂದಿನ ಪ್ರಸಾರ ಆರಂಭವಾಗುತ್ತಿದೆ. ನಿಮ್ಮ ದಿನ… ಒಳ್ಳೆಯದಾಗಲಿ."

ಅಷ್ಟೇ. ಅಮ್ಮ ಮುಳ್ಳು ಸರಿಪಡಿಸಿ, ಕೀಲಿ ತಿರುಗಿಸಿ ಕೆಳಗಿಳಿಯುತ್ತಿದ್ದಳು. ಮನೆಗೆ ಮತ್ತೆ ಸದ್ದು ಮಾಡುವ ಹಕ್ಕು ಸಿಗುತ್ತಿತ್ತು. ದಿನಕ್ಕೆ ಐದು ನಿಮಿಷ ಹಿಂದೆ ಬೀಳುವ ಆ ಮುದಿ ಗಡಿಯಾರಕ್ಕಾಗಿಯೇ ಇಷ್ಟೆಲ್ಲ ಎಂದು ನಾವು ನಂಬಿದ್ದೆವು.

"ಗಡಿಯಾರಕ್ಕೆ ಇಷ್ಟು ಮರ್ಯಾದೆ ಕೊಡೋ ಮನೆ ನಾನೆಲ್ಲೂ ನೋಡಿಲ್ಲಮ್ಮ. ನನ್ನ ಕೆಮ್ಮಿಗೂ ಟೈಮ್ ಟೇಬಲ್ಲು" ಎಂದು ಅತ್ತೆ ಗೊಣಗುತ್ತಿದ್ದಳು. ಅತ್ತೆ ಅಂದರೆ ಅಪ್ಪನ ಅಕ್ಕ. ನನಗೆ ಮೂರು ವರ್ಷವಿದ್ದಾಗ ಅಮ್ಮನ ಕತ್ತಿನಲ್ಲಿ ಗಂಟು ಕಾಣಿಸಿಕೊಂಡು ಆಪರೇಷನ್ ಆಯಿತು. ಆಗ ನನ್ನನ್ನು ನೋಡಿಕೊಳ್ಳಲು ದೂರದಿಂದ ಬಂದವಳು ಮತ್ತೆ ಹೋಗಲೇ ಇಲ್ಲ. ಆಪರೇಷನ್ನಿನ ನಂತರ ಅಮ್ಮನಿಗೆ ಉಳಿದದ್ದು ಕತ್ತಿನ ಮೇಲೆ ದಾರ ಕಟ್ಟಿದಂಥ ಒಂದು ಗೆರೆ, ಮತ್ತು ಒಡಕು ದನಿ. ಮರಳಿನ ಮೇಲೆ ತಗಡು ಎಳೆದ ಹಾಗೆ. ನಾನು ಬುದ್ಧಿ ಬಂದಾಗಿನಿಂದ ಕೇಳಿದ್ದು ಆ ದನಿಯನ್ನೇ. ಅಮ್ಮಂದಿರ ದನಿ ಹಾಗೇ ಇರುತ್ತದೆಂದು ಶಾಲೆ ಸೇರುವತನಕ ತಿಳಿದಿದ್ದೆ.

ಅಪ್ಪ ಬಟ್ಟೆ ಗಿರಣಿಯಲ್ಲಿ ಮೊದಲ ಪಾಳಿ. ಬೆಳಗಿನ ಐದಕ್ಕೇ ಬುತ್ತಿ ಹಿಡಿದು ಮೆಟ್ಟಿಲಿಳಿಯುತ್ತಿದ್ದ. ಭಾನುವಾರ ಮಾತ್ರ ಎಂಟರವರೆಗೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ.

ನನಗೆ ಆ ಬೆಳಗಿನ ದನಿಯ ಹುಚ್ಚು. ಹತ್ತನೆಯ ವಯಸ್ಸಿಗೇ ಅದನ್ನು ಬಾಯಿಪಾಠ ಮಾಡಿಕೊಂಡಿದ್ದೆ. 'ವಂದನೆಗಳು' ಎಂಬಲ್ಲಿ ಅದು ಹೇಗೆ ಕೊಂಚ ಬಾಗುತ್ತದೆ, 'ನಿಮ್ಮ ದಿನ' ಎಂದು ಹೇಗೆ ಒಂದು ಉಸಿರು ನಿಲ್ಲುತ್ತದೆ, ಎಲ್ಲವೂ ನನಗೆ ಕರತಲಾಮಲಕ. ಆ ಉಸಿರಿನ ಜಾಗವಂತೂ ಊರಿಗೇ ಪ್ರಿಯ. ನನ್ನ ಗೆಳತಿಯರು ಕಾಗದ ಬರೆದರೂ 'ನಿಮ್ಮ ದಿನ' ಎಂದು ಬರೆದು ಮೂರು ಚುಕ್ಕಿ ಇಡುತ್ತಿದ್ದರು.

ಓದು ಮುಗಿದ ಮೇಲೆ ಕೆಲಸಕ್ಕಾಗಿ ರೇಡಿಯೋ ಕೇಂದ್ರಗಳ ಬಾಗಿಲು ಬಡಿಯಲು ಶುರು ಮಾಡಿದೆ. ನದಿಯಾಚೆಯ ಸಣ್ಣ ಕೇಂದ್ರದಲ್ಲಿ "ದನಿ ತೆಳು, ಊಟ ಗೀಟ ಸರಿಯಾಗಿ ಮಾಡಮ್ಮ" ಎಂದರು. ಬೆಟ್ಟದ ಮೇಲಿನದರಲ್ಲಿ ಅರ್ಜಿ ತೆಗೆದುಕೊಂಡವರು ಅದರ ಹಿಂದೆಯೇ ಹವಾಮಾನ ವರದಿ ಬರೆದುಕೊಂಡರು. ಉಳಿದದ್ದು ನಮ್ಮದೇ ಊರಿನ ಕೇಂದ್ರ, ಆ ಬೆಳಗಿನ ದನಿಯ ಮನೆ. ಅಷ್ಟರಲ್ಲಿ ಅಪ್ಪ ಗಿರಣಿಯಲ್ಲಿ ನನ್ನ ಮಾತು ಆಡಿಯಾಗಿತ್ತು. ಇಲ್ಲಿಯೂ ಆಗದಿದ್ದರೆ ಮುಂದಿನ ತಿಂಗಳ ಒಂದರಿಂದ ನಾನು ನೂಲು ಸುತ್ತುವ ವಿಭಾಗಕ್ಕೆ. ಆ ವಿಭಾಗದ ಗದ್ದಲದಲ್ಲಿ ಹೆಂಗಸರು ಮಾತೇ ಆಡುವುದಿಲ್ಲ, ಬರೀ ಕೈಸನ್ನೆ. ನಾನು ಹೆದರಿದ್ದು ಅದಕ್ಕೆ.

ಧ್ವನಿ ಪರೀಕ್ಷೆಗೆ ಹೊರಟ ದಿನ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ರೇಡಿಯೋದಲ್ಲಿ ಮುಖ ಕಾಣತ್ತೇನೇ? ಪೌಡರು ದಂಡ."

"ಕಾಣದಿದ್ರೇನು ಅತ್ತೆ, ಧೈರ್ಯಕ್ಕೆ."

"ಧೈರ್ಯಕ್ಕೆ ಅಷ್ಟೊಂದು ಬೇಕಾ? ಹಿಟ್ಟಿನ ಗಿರಣಿಯಿಂದ ಬಂದವಳ ಹಾಗಿದೀಯ."

ಅಮ್ಮ ಬಾಗಿಲವರೆಗೆ ಬಂದು, "ನೀರು ಕುಡ್ಕೊಂಡು ಹೋಗು. ತಣ್ಣಗಿರೋದು ಬೇಡ, ಉಗುರು ಬೆಚ್ಚಗಿರೋದು" ಎಂದಳು. ಇವಳಿಗೆ ಇದೆಲ್ಲ ಹೇಗೆ ಗೊತ್ತು ಎಂದು ನನಗೆ ಆಗ ಹೊಳೆಯಲಿಲ್ಲ.

ಕೇಂದ್ರದ ಕಾರಿಡಾರಿನಲ್ಲಿ ಅರವತ್ತು ಜನ. ಹೆಸರು ಹೇಳಬಾರದು, ಕೈಗೆ ಕೊಟ್ಟ ಚೀಟಿಯ ಸಂಖ್ಯೆ ಮಾತ್ರ ಹೇಳಬೇಕು. ದಪ್ಪ ಪರದೆಯ ಆಚೆ ಪರೀಕ್ಷಕರು, ಈಚೆ ಮೈಕು ಮತ್ತು ನಾವು. ಶಿಫಾರಸು ನಡೆಯಬಾರದೆಂದು ಕೇಂದ್ರ ಹುಟ್ಟಿದಾಗಿನಿಂದ ಮಾಡಿಕೊಂಡ ಕಟ್ಟಳೆಯಂತೆ. ನನಗೆ ಸಿಕ್ಕಿದ್ದು ನಲವತ್ತೊಂದು. ಮೊದಲು ಓದಬೇಕಾದದ್ದು ಬೆಳಗಿನ ಆರಂಭದ ಆ ನಾಲ್ಕು ವಾಕ್ಯಗಳನ್ನೇ. ನಾನು ಹಿಗ್ಗಿ ಹೋದೆ. ಹನ್ನೆರಡು ವರ್ಷದ ಸಾಧನೆಯನ್ನು ಒಂದೇ ಉಸಿರಿಗೆ ಮೈಕಿನ ಮುಂದೆ ಸುರಿದೆ.

ಪರದೆಯ ಆಚೆ ಕುರ್ಚಿ ಎಳೆದ ಸದ್ದಾಯಿತು. ಪರದೆ ಸರಿಸಿ ಒಬ್ಬ ಹಿರಿಯ ಹೆಂಗಸು ತಲೆ ಹಾಕಿದರು. ಕಟ್ಟಳೆ ಮುರಿದು ಹಾಗೆ ಬಂದವರು ಅಲ್ಲಿನ ಹಿರಿಯ ಉದ್ಘೋಷಕಿ. ಉಚ್ಚಾರದ ಕಾಟಕ್ಕೆ ಎಲ್ಲರೂ ಅವರನ್ನು ಬೆನ್ನ ಹಿಂದೆ ಸ್ಪಷ್ಟಮ್ಮ ಎನ್ನುತ್ತಿದ್ದರು.

"ಯಾರಮ್ಮ ನೀನು? ಇದನ್ನ ಯಾರು ಕಲಿಸಿದ್ದು?"

"ರೇಡಿಯೋ ಕೇಳಿ ನಾನೇ ಕಲಿತೆ ಮೇಡಂ."

"ಉಸಿರು ಕೂಡ ಅಲ್ಲೇ ತಗೊಂಡೆಯಲ್ಲ! ಒಂದು ಕ್ಷಣ ನಂಗೆ ಮೈಯೆಲ್ಲ ಜುಂ ಅಂತು." ಆಮೇಲೆ ಮುಖ ಬಿಗಿದುಕೊಂಡು, "ನಕಲು ನಮಗೆ ಬೇಡ. ಆ ದನಿ ನಮ್ಮ ಹತ್ರ ಇದೆ. ನಿನ್ನದು ಇದ್ರೆ ತೋರಿಸು" ಎಂದರು.

ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು. ನನ್ನದು ಎಂಬ ದನಿ ಇದೆಯೇ ಎಂದು ನಾನು ಯಾವತ್ತೂ ಹುಡುಕಿರಲಿಲ್ಲ. ಮುಂದೆ ಸುದ್ದಿ, ಕೃಷಿ ಸಲಹೆ, ಒಂದು ಸಣ್ಣ ಕತೆ ಓದಿದೆ. ಏನು ಓದಿದೆನೋ, ಹೇಗೆ ಓದಿದೆನೋ. ಹತ್ತು ದಿನಕ್ಕೆ ಟೈಪು ಮಾಡಿದ ಕಾಗದ ಬಂತು. ಆಯ್ಕೆಯಾಗಿದ್ದೆ.

ಅಪ್ಪ ಕಾಗದವನ್ನು ಮೂರು ಸಲ ಓದಿ, ಮಡಿಸಿ, ಗಿರಣಿಗೆ ಒಯ್ದು ತನ್ನ ಪಾಳಿಯವರಿಗೆಲ್ಲ ತೋರಿಸಿಕೊಂಡು ಬಂದ. ಅಮ್ಮ ಮಾತ್ರ ಕಾಗದದ ಮೇಲ್ಭಾಗದ ಮುದ್ರೆಯನ್ನು ಹೆಬ್ಬೆರಳಿನಿಂದ ಸವರಿ, "ಮುದ್ರೆ ಬದಲಾಗಿದೆ" ಎಂದಳು. "ಮೊದಲು ಹೇಗಿತ್ತು?" ಎಂದು ಕೇಳಿದ್ದಕ್ಕೆ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು.

ಕೆಲಸದ ಮೊದಲ ದಿನವೇ ಸ್ಪಷ್ಟಮ್ಮ ನನ್ನನ್ನು ಧ್ವನಿಮುದ್ರಣದ ಕೋಣೆಗೆ ಕಳಿಸಿದರು. "ಬೆಳಗಿನ ಆರಂಭದ ಟೇಪು ಸವೆದು ಹೋಗಿದೆ. ಊರಿನವರಿಗೆ ಗೊರಗೊರ ಕೇಳಿ ಸಾಕಾಗಿದೆ. ಹೊಸದಾಗಿ ನೀನು ಓದು. ನಿನ್ನ ದನೀಲಿ, ತಿಳೀತಾ?"

ಮೊದಲ ಕೆಲಸವೇ ಇಷ್ಟು ದೊಡ್ಡದು! ಕಾಲು ನೆಲದ ಮೇಲಿರಲಿಲ್ಲ.

ಅಲ್ಲಿ ಟೇಪುಗಳ ಯಜಮಾನರಾಗಿದ್ದವರು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಸಣಕಲು ಮನುಷ್ಯ. ಎಲ್ಲರಿಗೂ ಟೇಪಣ್ಣ. ಬೀರುವಿನ ಮೇಲ್ಖಾನೆಯಿಂದ ಒಂದು ತಗಡಿನ ಡಬ್ಬಿ ಇಳಿಸಿ, ಧೂಳು ಊದಿ ಮುಚ್ಚಳ ತೆಗೆದರು.

"ಇದು ಮೂಲ ಟೇಪು. ದಿನಾ ಹಾಕೋದು ಇದರ ನಕಲು. ಮೊದಲು ಒಂದ್ಸಲ ಕೇಳ್ಕೊ, ಎಷ್ಟು ಉದ್ದ ಓದ್ಬೇಕು ಅಂತ ಅಂದಾಜು ಸಿಗತ್ತೆ. ಆಮೇಲೆ ಇದರ ಮೇಲೇ ನಿನ್ನದು ಮುದ್ರಿಸ್ತೀನಿ."

"ಇದರ ಮೇಲೇನಾ? ಆಗ ಇದು?"

"ಅಳಿಸಿ ಹೋಗತ್ತೆ. ಹೊಸ ಟೇಪು ಬರದೆ ಆರು ತಿಂಗಳಾಯ್ತು. ಇದ್ದ ನಕಲುಗಳೂ ಸವೆದು ದಾರ ಆಗಿವೆ, ಈ ವಾರವೇ ಕಸಕ್ಕೆ."

"ಇದನ್ನ ಓದಿದವರು ಯಾರು ಸಾರ್? ಈಗೆಲ್ಲಿದಾರೆ?"

ಟೇಪಣ್ಣ ನಕ್ಕರು. "ಅದೇ ತಮಾಷೆ. ಅವರು ಇಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ."

ಟೇಪನ್ನು ಯಂತ್ರಕ್ಕೆ ಏರಿಸುತ್ತಾ ಹೇಳಿದರು. ಹತ್ತೊಂಬತ್ತು ವರ್ಷದ ಹಿಂದಿನ ಧ್ವನಿ ಪರೀಕ್ಷೆ. ಹದಿನೇಳನೆಯ ಸಂಖ್ಯೆಯವಳು ಓದಿದಾಗ ಪರೀಕ್ಷಕರು ಪೆನ್ನು ಕೆಳಗಿಟ್ಟರಂತೆ. ಅಂಥ ದನಿ. ಆಯ್ಕೆಯ ಕಾಗದ ಹೋಯಿತು. ಆದರೆ ಆಕೆ ಹೇಳಿದ ದಿನ ಬರಲಿಲ್ಲ.

"ಎರಡು ತಿಂಗಳಾದ ಮೇಲೆ ಆ ಕಾಗದ ಹಿಡ್ಕೊಂಡು ಯಾರೋ ಒಬ್ಬಳು ಬಂದ್ಲು. ಬಾಯಿ ಬಿಟ್ರೆ ಕಾಗೆ ಕೂಗಿದ ಹಾಗೆ. ನಾನೇ ಹದಿನೇಳು ಅಂತಾಳೆ! ನಾವು ಯಾರೂ ಮುಖ ನೋಡಿರಲಿಲ್ಲವಲ್ಲ, ಪರದೆ ಇತ್ತಲ್ಲ. ನಮಗೆ ಗೊತ್ತಿದ್ದದ್ದು ದನಿ ಒಂದೇ. ಸಾಹೇಬ್ರು ಕೇಳಿದ್ರು, ಯಾರ ಕಾಗದ ಕದ್ಕೊಂಡು ಬಂದೆ ಅಂತ. ಏನೋ ಕಾಯಿಲೆ, ಆಪರೇಷನ್ನು ಅಂದ್ಲು. ಸಾಹೇಬ್ರು, ಕತೆ ಚೆನ್ನಾಗಿ ಕಟ್ತೀಯ, ನಾಟಕ ವಿಭಾಗದಲ್ಲಿ ಕೇಳು ಅಂದ್ರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಕಾಗದ ಕಿತ್ಕೊಂಡು ಕಳಿಸಿದ್ವಿ."

ನಾನು ಕುರ್ಚಿಯನ್ನು ಯಂತ್ರದ ಹತ್ತಿರ ಎಳೆದುಕೊಂಡೆ. ಯಾಕೆಂದು ನನಗಿನ್ನೂ ತಿಳಿದಿರಲಿಲ್ಲ, ಮೈಗೆ ತಿಳಿದಿತ್ತು.

"ನಿಜವಾದ ಹದಿನೇಳು ಬಂದೇ ಬರ್ತಾಳೆ ಅಂತ ಕಾದ್ವಿ. ಅಷ್ಟರಲ್ಲಿ ಬೆಳಗಿನ ಟೇಪು ಹರಿದು ಹೋಯ್ತು. ತಾತ್ಕಾಲಿಕವಾಗಿ ಇರಲಿ ಅಂತ ಅವಳ ಪರೀಕ್ಷೆಯಿಂದ ಆ ನಾಲ್ಕು ವಾಕ್ಯ ನಕಲು ಮಾಡಿದೆ. ತಾತ್ಕಾಲಿಕ ಹತ್ತೊಂಬತ್ತು ವರ್ಷ ಆಯ್ತು ನೋಡು!"

ಗುಂಡಿ ಒತ್ತಿದರು. ಚಕ್ರಗಳು ತಿರುಗಿದವು.

"ಕ್ರಮಸಂಖ್ಯೆ ಹದಿನೇಳು" ಎಂದಿತು ಆ ದನಿ. ಆಮೇಲೆ ನಾನು ಸಾವಿರಾರು ಬೆಳಗುಗಳಲ್ಲಿ ಕೇಳಿದ್ದ ನಾಲ್ಕು ವಾಕ್ಯ. ಟೇಪಣ್ಣ ನಿಲ್ಲಿಸಲು ಕೈ ಚಾಚಿದವರು, ಬಾಗಿಲಲ್ಲಿ ಯಾರೋ ಕರೆದರೆಂದು ಆ ಕಡೆ ತಿರುಗಿದರು. ಟೇಪು ಓಡುತ್ತಲೇ ಇತ್ತು. ದೂರದಿಂದ ಪರೀಕ್ಷಕರೊಬ್ಬರು, "ಈಗ ನಿಮಗೆ ಇಷ್ಟವಾದದ್ದು ಏನಾದರೂ ಹೇಳಿ" ಎಂದರು. ಆ ದನಿ ಒಂದು ಕ್ಷಣ ತಡೆದು, ನಗುತ್ತಾ ಹೇಳಿತು:

"ನನಗೆ ಬೇರೇನೂ ಬರಲ್ಲ. ನನ್ನ ಮಗಳನ್ನ ಮೆಟ್ಟಿಲು ಹತ್ತಿಸೋವಾಗ ಒಂದು ಹೇಳ್ತೀನಿ, ಅದನ್ನೇ ಹೇಳ್ಲಾ? ಒಂದನೇ ಮೆಟ್ಟಿಲು ಒಬ್ಬಂಟಿ. ಎರಡನೇ ಮೆಟ್ಟಿಲು ಜೊತೆಗಾತಿ. ಮೂರಕ್ಕೆ ಮುಗ್ಗರಿಸಿದಳು ಪುಟಾಣಿ. ನಾಲ್ಕಕ್ಕೆ ನಕ್ಕಳು ನಮ್ಮ ಮಹಾರಾಣಿ…"

ಆ ಪದ್ಯ ಯಾವ ಪುಸ್ತಕದಲ್ಲೂ ಇಲ್ಲ. ಅದು ನಮ್ಮ ಬಾಡಿಗೆ ಮನೆಯ ಹದಿಮೂರು ಮೆಟ್ಟಿಲಿನ ಪದ್ಯ. ಮುಂದಿನದು ನನಗೆ ಗೊತ್ತಿತ್ತು, ಒಡಕು ದನಿಯಲ್ಲಿ ಗೊತ್ತಿತ್ತು.

"ಹನ್ನೊಂದನೆಯದು ಕಿರ್ರೆನ್ನುತ್ತೆ, ಮೆಲ್ಲಗೆ ಕಾಲಿಡು, ಅಪ್ಪ ಮಲಗಿದಾನೆ."

ಇಪ್ಪತ್ತೆರಡು ವರ್ಷ ಅವಳ ಪಕ್ಕದಲ್ಲೇ ಮಲಗಿ ಎದ್ದವಳು ನಾನು. ಆ ದನಿಯನ್ನು ಪೂಜಿಸಿದೆ, ಕದ್ದೆ, ಕನ್ನಡಿಯ ಮುಂದೆ ಹಾಕಿಕೊಂಡು ನೋಡಿದೆ. ಅದರ ಒಡತಿ ಸ್ಟೂಲಿನ ಮೇಲೆ ಕೀಲಿ ಹಿಡಿದು ನಿಂತಿದ್ದಳು. ಎಷ್ಟೋ ಸಲ ನಾನು ಸಿಟ್ಟಿನಲ್ಲಿ, "ನಿನ್ನ ದನಿ ಕೇಳಿದ್ರೆ ತಲೆನೋವು ಬರತ್ತಮ್ಮ, ರೇಡಿಯೋದವಳ ಹಾಗೆ ಮಾತಾಡಕ್ಕಾಗಲ್ವಾ" ಎಂದಿದ್ದೆ. ಅವಳು ಸುಮ್ಮನೆ ನನ್ನ ಮುಖ ನೋಡಿದ್ದಳು. ಆ ನೋಟ ಈಗ, ಆ ಕೋಣೆಯಲ್ಲಿ, ನನ್ನೊಳಗೆ ಇಳಿಯಿತು.

"ಸರಿ, ಶುರು ಮಾಡೋಣ" ಎಂದು ಟೇಪಣ್ಣ ಮರಳಿದರು. ನಾನು ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ. ಎರಡು ಸಲ, ಮೂರು ಸಲ.

"ಮೊದಲ ದಿನ ಎಲ್ಲರಿಗೂ ಹೀಗೇ. ನಾಳೆ ಬಾ" ಎಂದರು.

ಮನೆಯ ಮೆಟ್ಟಿಲು ಹತ್ತಿದೆ. ಹನ್ನೊಂದನೆಯದು ಕಿರ್ರೆಂದಿತು. ಅಮ್ಮ ಅಡುಗೆಮನೆಯಲ್ಲಿ ಬೀನ್ಸಿನ ನಾರು ತೆಗೆಯುತ್ತಾ ಕುಳಿತಿದ್ದಳು. ಅತ್ತೆ ಹೊರಗೆ ಹೋಗಿದ್ದಳು. ಏನು ಕೇಳಬೇಕೋ ತಿಳಿಯದೆ ನನ್ನ ಬಾಯಿಂದ ಬಂದದ್ದು, "ಕ್ರಮಸಂಖ್ಯೆ ಹದಿನೇಳು."

ಅಮ್ಮನ ಬೆರಳುಗಳು ನಿಂತವು. ಕೇಳಿದಳು, "ಟೇಪು ಇನ್ನೂ ಇಟ್ಟಿದಾರಾ?"

"ಯಾಕಮ್ಮ ಹೇಳಲಿಲ್ಲ? ಅಪ್ಪನಿಗೂ?"

"ಕೆಲಸ ಸಿಕ್ಕಿದ ಮೇಲೆ ಹೇಳೋಣ ಅಂತಿದ್ದೆ. ನಿನ್ನನ್ನ ಕೆಳಗಿನ ಮನೆಯವರ ಹತ್ರ ಬಿಟ್ಟು ಕದ್ದು ಹೋಗಿದ್ದೆ. ಕಾಗದ ಬಂದಾಗ ಆಸ್ಪತ್ರೇಲಿ ತಾರೀಕು ಕೊಟ್ಟಾಗಿತ್ತು. ಆಮೇಲೆ… ಕಳ್ಳಿ ಅನ್ನಿಸ್ಕೊಂಡು ಬಂದಿದ್ದನ್ನ ಯಾರ ಹತ್ರ ಹೇಳ್ಕೊಳ್ಳಲಿ?"

"ನಾಳೆ ಅದನ್ನ ಅಳಿಸಿ ನಾನು ಓದ್ಬೇಕಂತೆ. ನಾನು ಓದಲ್ಲಮ್ಮ. ನೂಲು ಸುತ್ತಕ್ಕೇ ಹೋಗ್ತೀನಿ."

ನಾನು ಅಳುತ್ತಿದ್ದೆ. ಅಮ್ಮ ಅಳಲಿಲ್ಲ. ಗದರಿದಳು.

"ಹುಚ್ಚಿ. ನಾನು ದಿನಾ ಸ್ಟೂಲು ಹತ್ತಿ ಏನು ಕೇಳ್ತಿದ್ದೆ ಅಂದ್ಕೊಂಡೆ? ನಿಮ್ಮ ದಿನ ಅಂತ ಹೇಳಿ ಉಸಿರು ಕಟ್ಟತ್ತಲ್ಲ, ಅದನ್ನ. ಅದು ಉಸಿರು ತಗೋಳೋ ಜಾಗ ಅಲ್ಲ ಕಣೇ. ಆಗಲೇ ಗಂಟು ಬೆಳೀತಿತ್ತು, ನಂಗೆ ಗೊತ್ತಿರಲಿಲ್ಲ. ಆ ಜಾಗದಲ್ಲಿ ಗಂಟಲು ಹಿಡಿದ ಹಾಗಾಯ್ತು. ದಿನಾ ಬೆಳಿಗ್ಗೆ, ಇವತ್ತಾದರೂ ದಾಟ್ತಾಳಾ ಅಂತ ಕಾಯ್ತೀನಿ. ದಾಟಲ್ಲ. ಟೇಪು ಹೇಗೆ ದಾಟತ್ತೆ?"

ಊರೆಲ್ಲ ಮುದ್ದಿಸಿದ ಆ ನಿಲುಗಡೆ, ಗೆಳತಿಯರ ಆ ಮೂರು ಚುಕ್ಕಿ, ನಾನು ಕನ್ನಡಿಯ ಮುಂದೆ ರೂಢಿಸಿಕೊಂಡ ಆ ಚೆಲುವು, ನನ್ನ ತಾಯಿಯ ಕತ್ತಿನೊಳಗಿನ ಗಂಟು.

"ನೀನು ದಾಟು" ಎಂದಳು ಅಮ್ಮ. ಬೀನ್ಸಿನ ತಟ್ಟೆ ಪಕ್ಕಕ್ಕಿಟ್ಟು, ತನ್ನ ಅಂಗೈಯನ್ನು ನನ್ನ ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದಳು. "ಆರಂಭವಾಗುತ್ತಿದೆ ಅಂದಾದ ಮೇಲೆ ಇಲ್ಲಿ ತುಂಬ್ಕೊ. ಕೊನೇ ಸಾಲು ಒಂದೇ ಎಳೇಲಿ ಬಿಡು. ಹೇಳು."

ಹೇಳಿದೆ. ಹತ್ತು ಸಲವೋ ಇಪ್ಪತ್ತು ಸಲವೋ. ಕೊನೆಗೆ ಕೈ ತೆಗೆದು, ತಟ್ಟೆ ಎಳೆದುಕೊಂಡು, ನನ್ನ ಕಡೆ ನೋಡದೆಯೇ ಕೇಳಿದಳು, "ಮೆಟ್ಟಿಲಿಂದೂ ಇದೆಯಾ ಅದರಲ್ಲಿ? ಅದನ್ನ ಮಾತ್ರ ನಾನು ಕೇಳಿಲ್ಲ."

ಮರುದಿನ ಟೇಪಣ್ಣನಿಗೆ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕುಳಿತರು. "ನಾನೂ ನಕ್ಕಿದ್ದೆನಲ್ಲ" ಎಂದರು. ಮತ್ತೆ ಅದನ್ನೇ ಎಂದರು. ಆಮೇಲೆ ಬ್ಲೇಡು ತೆಗೆದು, ಟೇಪನ್ನು ಅಂಗುಲ ಅಂಗುಲ ಸರಿಸಿ ಕೇಳಿ, ಮೆಟ್ಟಿಲಿನ ಭಾಗ ಶುರುವಾಗುವಲ್ಲಿ ಕತ್ತರಿಸಿದರು. ಅಂಗೈಯಗಲದ ಸಣ್ಣ ಸುರುಳಿಗೆ ಅದನ್ನು ಸುತ್ತಿ ಕೊಟ್ಟರು. "ಕರ್ಕೊಂಡು ಬಾರಮ್ಮ ಅವರನ್ನ. ಇಲ್ಲೇ ಹಾಕಿ ಕೇಳಿಸ್ತೀನಿ. ನಾನು ಕೈ ಮುಗೀಬೇಕು." ಉಳಿದ ತುಂಡಿನ ಮೇಲೆ ನಾನು ಓದಿದೆ. ಕೊನೆಯ ಸಾಲು ಒಂದೇ ಎಳೆಯಲ್ಲಿ ದಾಟಿತು.

ಅಮ್ಮ ಸುರುಳಿಯನ್ನು ಹೊಲಿಗೆ ಪೆಟ್ಟಿಗೆಯಲ್ಲಿ, ಗುಂಡಿಗಳ ಡಬ್ಬಿಯ ಪಕ್ಕ ಇಟ್ಟಳು. ಕೇಂದ್ರಕ್ಕೆ ಬರಲು ಒಪ್ಪಲಿಲ್ಲ. "ಒಂದ್ಸಲ ಆ ಬಾಗಿಲಿಂದ ಆಚೆ ಕಳಿಸಿದಾರೆ, ಸಾಕು" ಎಂದಳು. ಟೇಪು ಹಾಕುವ ಯಂತ್ರ ನಮ್ಮ ಬೀದಿಯಲ್ಲೇ ಯಾರ ಮನೆಯಲ್ಲೂ ಇರಲಿಲ್ಲ.

ನನ್ನ ದನಿ ಮೊದಲು ಬಿತ್ತರವಾದದ್ದು ಒಂದು ಭಾನುವಾರ. ಅಮ್ಮ ಎಂದಿನಂತೆ ಸ್ಟೂಲು ಹತ್ತಿ ಕೀಲಿ ಹಿಡಿದಳು. ಅತ್ತೆ ಕೆಮ್ಮು ನುಂಗಿಕೊಂಡಳು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಅಪ್ಪನಿಗೆ ನಾವು ಏನೂ ಹೇಳಿರಲಿಲ್ಲ. ಎದ್ದ ಮೇಲೆ ತಿಳಿದು ಆಶ್ಚರ್ಯಪಡಲಿ ಎಂದುಕೊಂಡಿದ್ದೆವು. ಅಪ್ಪ ಎಂದಿನಂತೆ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಕೇಳುಗರಿಗೆ ಬೆಳಗಿನ ವಂದನೆಗಳು" ಎಂದಿತು ರೇಡಿಯೋದಲ್ಲಿ ನನ್ನ ದನಿ.

ಒಳಕೋಣೆಯಲ್ಲಿ ಮಂಚ ಧಡಕ್ಕೆಂದಿತು. ಅಪ್ಪ ಹೊದಿಕೆ ಎಳೆದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದ. ಕೂದಲು ಕೆದರಿತ್ತು. ಮುಖ ಬೂದಿಯಾಗಿತ್ತು.

"ಇದ್ಯಾರು? ಅವಳೆಲ್ಲಿ? ಅವಳನ್ನ ಯಾಕೆ ತೆಗೆದ್ರು?"

ರೇಡಿಯೋದಲ್ಲಿ ನಾನು ಒಬ್ಬಳೇ ಮಾತಾಡುತ್ತಾ ಹೋದೆ. ಕೊನೆಯ ಸಾಲಿನಲ್ಲಿ ಅಪ್ಪ ಬರಬೇಕಾದ ಉಸಿರಿಗೆ ಕಾದ. ಅದು ಬರಲಿಲ್ಲ.

"ರೀ" ಎಂದಳು ಅಮ್ಮ ಸ್ಟೂಲಿನ ಮೇಲಿಂದಲೇ. ಒಡಕು ದನಿ ಇನ್ನಷ್ಟು ಒಡೆದಿತ್ತು. "ನೀವು… ಭಾನುವಾರ… ಎದ್ದಿರ್ತಿದ್ರಾ?"

ಅಪ್ಪ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನೆಲ ನೋಡಿದ. "ನಿನ್ನ ದನಿ ನಂಗೆ ಗೊತ್ತಾಗಲ್ವೇನೇ? ಕೇಳ್ತಿದೀನಿ ಅಂತ ತಿಳಿದ್ರೆ ನೀನು ರೇಡಿಯೋ ಹಾಕೋದೇ ನಿಲ್ಲಿಸ್ತೀಯ ಅಂತ ಸುಮ್ಮನಿದ್ದೆ. ವಾರಕ್ಕೆ ಒಂದೇ ದಿನ ಸಿಗೋದು ನಂಗೆ."

ಅತ್ತೆ ಒಬ್ಬರ ಮುಖ ಬಿಟ್ಟು ಒಬ್ಬರದು ನೋಡುತ್ತಾ, "ಏನ್ರೋ ಇದು, ಯಾರಾದ್ರೂ ನಂಗೂ ಹೇಳ್ರೋ" ಎಂದಳು.

ಅಮ್ಮ ಸ್ಟೂಲಿನಿಂದ ಇಳಿಯಲು ಒಂದು ಕಾಲು ಕೆಳಗಿಟ್ಟವಳು ಹಾಗೇ ನಿಂತಳು. ಹೋಗಿ ಅವಳ ಮೊಣಕೈ ಹಿಡಿದೆ. ಅಪ್ಪ ಬಂದು ಇನ್ನೊಂದು ಕೈ ಹಿಡಿದ.

"ಹೊಲಿಗೆ ಪೆಟ್ಟಿಗೇಲಿ ಇನ್ನೊಂಚೂರು ಇದೆ" ಎಂದಳು ಅವನಿಗೆ, ಬಹಳ ಮೆಲ್ಲಗೆ. "ನಾನೂ ಕೇಳಿಲ್ಲ. ರೇಡಿಯೋದವರು ಕರೆದಿದಾರೆ. ಹೋಗೋಣ್ವಾ?"

ಗಡಿಯಾರಕ್ಕೆ ಅವತ್ತು ಯಾರೂ ಕೀ ಕೊಡಲಿಲ್ಲ.